ಒಂದರ ಮೇಲೊಂದು ಮೆಷಿನ್: ಜರ್ಮನಿಯ ಅಳತೆ ಕೊಡಗಿಗೆ ಸಾಲದು

ಜರ್ಮನಿಯ ಫ್ಲ್ಯಾಟ್‌ಗಳಲ್ಲಿ ವಾಷಿಂಗ್ ಮೆಷಿನ್ ಸಾಮಾನ್ಯವಾಗಿ ಬಚ್ಚಲಲ್ಲೇ ಇರುತ್ತದೆ, ಅದರ ತಲೆಯ ಮೇಲೆ ಡ್ರೈಯರ್. ಅಲ್ಲಿ ಟೇಪು ಹಿಡಿದು ಜಾಗದ ಅಗಲ ಅಳೆದರೆ ಅರ್ಧ ಕೆಲಸ ಮುಗಿದಂತೆ. ನೀರಿನ ರಭಸ, ಕರೆಂಟು, ನೀರು ಹೋಗುವ ಪೈಪು ಎಲ್ಲ ಮೊದಲೇ ಸರಿಯಾಗಿರುತ್ತವೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಸಣ್ಣ ಮನೆಗಳಿಗೆ ಇದೇ ಜೋಡಿ ತರಬೇಕೆಂದಿರುವವರು ಮಾತ್ರ ಅಗಲವನ್ನು ಕಡೆಗೆ ಅಳೆಯಬೇಕು. ಮೊದಲು ನೋಡಬೇಕಾದ್ದು ಗಾಳಿ, ಕರೆಂಟು, ನೀರು.

ಕೊಡಗಿನಲ್ಲಿ ಡ್ರೈಯರ್ ಶೋಕಿಯ ವಸ್ತುವಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಕ್ಕಳ ಯೂನಿಫಾರಂ ದಿನಗಟ್ಟಲೆ ಹಗ್ಗದ ಮೇಲಿದ್ದರೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು ಒಳ್ಳೆಯ ಪದ್ಧತಿಯೇ, ಆದರೆ ಗೀಸರ್ ಬಂದ ಮನೆಗಳಲ್ಲಿ ಈಗ ಒಲೆಯೇ ಇಲ್ಲ.

ಯಾವ ಡ್ರೈಯರ್ ಎನ್ನುವುದೇ ದೊಡ್ಡ ಪ್ರಶ್ನೆ. ಅಗ್ಗಕ್ಕೆ ಸಿಗುವ ವೆಂಟೆಡ್ ಡ್ರೈಯರ್ ಬಿಸಿ, ಒದ್ದೆ ಗಾಳಿಯನ್ನು ಹೊರಗೆ ಊದುತ್ತದೆ. ಏಳು ಕೆಜಿ ಬಟ್ಟೆ 1000 ಆರ್‌ಪಿಎಂನಲ್ಲಿ ಹಿಂಡಿದ ಮೇಲೂ ಸುಮಾರು 4 ಲೀಟರ್ ನೀರು ಹಿಡಿದುಕೊಂಡಿರುತ್ತದೆ. ಪೈಪನ್ನು ಗೋಡೆಯಾಚೆ ಬಿಡದಿದ್ದರೆ ಆ ನೀರೆಲ್ಲ ನಿಮ್ಮ ಗೋಡೆ, ಸೀಲಿಂಗಿಗೆ ಇಳಿದು ಬೂಷ್ಟು ಏಳುತ್ತದೆ. ಮೊದಲೇ ಒದ್ದೆಯಿರುವ ಮನೆಗೆ ಅದು ಬೇಡವೇ ಬೇಡ. ಕಂಡೆನ್ಸರ್ ಡ್ರೈಯರ್ ನೀರನ್ನು ತೊಟ್ಟಿಗೆ ಇಳಿಸುತ್ತದೆ, ಆದರೆ ಒಂದು ಸಲಕ್ಕೆ ನಾಲ್ಕು ಯೂನಿಟ್‌ನಷ್ಟು ಕರೆಂಟು ತಿನ್ನುತ್ತದೆ. ಫ್ರಿಜ್ಜಿನಂತೆ ಕಂಪ್ರೆಸರ್ ಇರುವ ಹೀಟ್ ಪಂಪ್ ಡ್ರೈಯರ್ ದುಬಾರಿ, ನಿಧಾನ, ಆದರೆ ಅದರ ಅರ್ಧದಷ್ಟು ಕರೆಂಟಿನಲ್ಲೇ ಕೆಲಸ ಮುಗಿಸುತ್ತದೆ. ಕಡಿಮೆ ಬಿಸಿಯಾದ್ದರಿಂದ ಬಟ್ಟೆಗೂ ಹಿತ. ನನ್ನ ಓಟು ಇದಕ್ಕೇ. ಘಾಟಿ ರಸ್ತೆಯಲ್ಲಿ ಓರೆಯಾಗಿ ಬಂದಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಅಷ್ಟು ಸಮಯ ಬೇಕು.

ಫೋಟೋಗಳಲ್ಲಿ ಕಾಣುವ ಹಾಗೆ ಬಾಗಿಲಿರುವ ಕಪಾಟಿನೊಳಗೆ ಇವುಗಳನ್ನು ಮುಚ್ಚಿಡಬೇಡಿ. ಒಳಗಿನ ಗಾಳಿ ಕಾದಷ್ಟೂ ಡ್ರೈಯರ್ ಹೆಚ್ಚು ಹೊತ್ತು ಓಡುತ್ತದೆ, ವಾಷರಿನ ಬಾಗಿಲಿನ ರಬ್ಬರಿನಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮರೆ ಬೇಕೇ ಬೇಕೆಂದರೆ ಪಟ್ಟಿ ಪಟ್ಟಿಯಾಗಿ ಗಾಳಿಯಾಡುವ ಬಾಗಿಲು ಮಾಡಿಸಿ, ಡ್ರೈಯರ್ ಓಡುವಾಗ ತೆರೆದಿಡಿ. ಸೌದೆ ಒಲೆ ಇರುವ ಮನೆಯಾದರೆ ಒಲೆ ಗೋಡೆಯ ಆಚೆ ಬದಿ ಒಳ್ಳೆಯ ಜಾಗ: ಬೆಚ್ಚಗಿರುತ್ತದೆ, ಹೊಗೆಯ ಮಸಿ ಫಿಲ್ಟರಿಗೆ ಬರುವುದಿಲ್ಲ.

ಎರಡಕ್ಕೂ ಬೇರೆ ಬೇರೆ 16 ಆಂಪ್ ಪಾಯಿಂಟ್, ಬೇರೆ ಎಂಸಿಬಿ (ಲೋಡು ಹೆಚ್ಚಾದರೆ ಬೀಳುವ ಸ್ವಿಚ್ಚು), ಜೊತೆಗೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿ. ನೀರು ಕಾಯಿಸುವಾಗ ವಾಷರ್ ಒಂದೇ 2000 ವ್ಯಾಟ್ ಎಳೆಯುತ್ತದೆ. ಒಂದೇ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಹಾಕಿದರೆ ಪ್ಲಗ್ಗು ಕರಗಬಹುದು.

ಇನ್ನು ನೀರು. ಹೆಚ್ಚಿನ ಫ್ರಂಟ್ ಲೋಡ್ ಮೆಷಿನ್‌ಗಳು 0.3ರಿಂದ 0.5 ಬಾರ್ ಒತ್ತಡವನ್ನಾದರೂ ಕೇಳುತ್ತವೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್. ತಾರಸಿಯ ಟ್ಯಾಂಕು ನಲ್ಲಿಗಿಂತ ಎರಡೇ ಮೀಟರ್ ಮೇಲಿದ್ದರೆ ಸಿಗುವುದು 0.2, ಮೆಷಿನ್ ನೀರು ತುಂಬದೆ ಎರರ್ ತೋರಿಸಿ ನಿಲ್ಲುತ್ತದೆ. ಟ್ಯಾಂಕನ್ನು ಏರಿಸಿ, ಇಲ್ಲವೇ ಸಣ್ಣ ಬೂಸ್ಟರ್ ಪಂಪ್ ಹಾಕಿ. ತೋಡು, ಕೆರೆಯ ನೀರು ಬಳಸುವವರು ನಲ್ಲಿಗೂ ಪೈಪಿಗೂ ನಡುವೆ ತೊಳೆಯಬಹುದಾದ ಜಾಲರಿ ಫಿಲ್ಟರ್ ಕೊಡಲೇಬೇಕು. ಮಳೆಗಾಲದ ಕೆಸರು ಮೆಷಿನ್ನಿನ ಒಳಜಾಲರಿಯನ್ನು ಬೇಗ ಮುಚ್ಚಿಬಿಡುತ್ತದೆ.

ಜರ್ಮನಿಯ ಕೈಪಿಡಿಯನ್ನು ನಂಬಿದರೂ ಕೊಡಗಿನಲ್ಲಿ ಕೈಕೊಡುವುದು ನೀರು ಹೊರಹೋಗುವ ಪೈಪು. ಮನೆ ಇಳಿಜಾರಿನಲ್ಲಿರುತ್ತದೆ, ಪೈಪನ್ನು ಕಿಟಕಿಯಿಂದ ಕೆಳಗಿನ ಅಂಗಳಕ್ಕೆ ಇಳಿಬಿಡುತ್ತಾರೆ. ಪೈಪಿನ ತುದಿ ಡ್ರಮ್ಮಿಗಿಂತ ಕೆಳಗಿದ್ದರೆ ಸೈಫನ್ ಆಗಿ, ಒಂದು ಕಡೆಯಿಂದ ನೀರು ತುಂಬುತ್ತಿರುವಾಗಲೇ ಇನ್ನೊಂದು ಕಡೆಯಿಂದ ಹರಿದುಹೋಗುತ್ತದೆ. ಮೆಷಿನ್ ಗಂಟೆಗಟ್ಟಲೆ ತುಂಬುತ್ತಲೇ ಇರುತ್ತದೆ. ನೆಲದಿಂದ 60ರಿಂದ 90 ಸೆಂಟಿಮೀಟರ್ ಎತ್ತರದ, ಮೇಲೆ ಬಾಯಿ ತೆರೆದ ದಪ್ಪ ಪೈಪು ನಿಲ್ಲಿಸಿ, ಮೆಷಿನ್ನಿನ ಪೈಪನ್ನು ಅದರೊಳಗೆ ಒಂದು ಗೇಣಿಗಿಂತ ಕಡಿಮೆ ಇಳಿಸಿ, ಸುತ್ತ ಗಾಳಿಗೆ ಸಂದು ಬಿಡಿ. ಟೇಪು ಸುತ್ತಿ ಮುಚ್ಚಿದರೆ ಮತ್ತೆ ಸೈಫನ್.

ಈಗ ಅಳತೆ. ಒಂದೊಂದೂ 60 ಅಗಲ, 85 ಎತ್ತರ. ಅಗಲಕ್ಕೆ 65, ಆಳಕ್ಕೆ ಹಿಂದಿನ ಪೈಪುಗಳ 10 ಸೇರಿ 75, ಎತ್ತರಕ್ಕೆ 180 ಸೆಂಟಿಮೀಟರ್ ಇಟ್ಟುಕೊಳ್ಳಿ. ನೆಲದ ನೀರಿಗೆ ಹೆದರಿ ಎತ್ತರದ ಕಟ್ಟೆ ಕಟ್ಟಿಸುವವರಿದ್ದಾರೆ, ಅದು ತಪ್ಪು. ಡ್ರೈಯರಿನ ಬಟನ್‌ಗಳು ಮೊದಲೇ 160ರ ಮೇಲಿರುತ್ತವೆ. ಕಟ್ಟೆ 15 ಆದರೆ ಮನೆಯ ಅಜ್ಜಿಗೆ ಡಿಸ್‌ಪ್ಲೇ ಕಾಣುವುದೇ ಇಲ್ಲ. ಐದು ಸೆಂಟಿಮೀಟರಿನ ಕಾಂಕ್ರೀಟ್ ಕಟ್ಟೆ, ಆಚೆಗೆ ನೀರು ಹೋಗುವಂತೆ ನೆಲಕ್ಕೆ ವಾಟ ಸಾಕು. ಎರಡೂ ಮೆಷಿನ್, ಬಟ್ಟೆ, ನೀರು ಸೇರಿ 140 ಕೆಜಿ ದಾಟಬಹುದು, ಮರದ ಅಟ್ಟದ ಮೇಲೆ ಇಡಬೇಡಿ.

ಕೂರಿಸುವಾಗ ಸಾಗಿಸುವಾಗ ಡ್ರಮ್ ಅಲುಗದಂತೆ ವಾಷರಿನ ಹಿಂದೆ ಹಾಕಿರುವ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಬಿಚ್ಚಿ, ರಸಮಟ್ಟ ಇಟ್ಟು ಕಾಲುಗಳನ್ನು ಸರಿಮಾಡಿ, ಲಾಕ್ ನಟ್ ಬಿಗಿ ಮಾಡಿ. ಕಾಲಡಿಗೆ ಮೆತ್ತನೆಯ ರಬ್ಬರು ಕೊಟ್ಟರೆ ಹಿಂಡುವಾಗ ಇಡೀ ಗೋಪುರ ತೂಗಾಡುತ್ತದೆ. ಡ್ರೈಯರನ್ನು ಹಾಗೇ ಮೇಲಿಡಬಾರದು, ಎರಡನ್ನೂ ಬಿಗಿದು ಹಿಡಿಯುವ, ಆ ಮಾಡೆಲ್ಲಿನದೇ ಸ್ಟ್ಯಾಕಿಂಗ್ ಕಿಟ್ ಬೇಕು. ನಡುವೆ ಎಳೆಯುವ ತಟ್ಟೆ ಇರುವ ಕಿಟ್ಟಾದರೆ ಬುಟ್ಟಿ ಇಡಲು ಅನುಕೂಲ, ಎತ್ತರದ ಲೆಕ್ಕಕ್ಕೆ ಅದನ್ನೂ ಸೇರಿಸಿ.

ಒಗೆದು ಒಣಗಿಸುವ ಒಂದೇ ಮೆಷಿನ್ ಸಾಲದೇ ಎನ್ನುವವರಿಗೆ: ಎಂಟು ಕೆಜಿ ಒಗೆಯುವುದು ಐದೇ ಕೆಜಿ ಒಣಗಿಸುತ್ತದೆ. ಅದು ಒಣಗಿಸುವಷ್ಟು ಹೊತ್ತೂ ಮುಂದಿನ ಗಂಟು ಕಾಯಬೇಕು. ಹೋಂಸ್ಟೇ ಹಾಸಿಗೆ ಬಟ್ಟೆಗಂತೂ ಆಗದ ಮಾತು.

ಕೊಳ್ಳುವ ಮೊದಲು ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ. ಡ್ರೈಯರಿನದನ್ನು ಅನೇಕ ಮಾಡೆಲ್‌ಗಳಲ್ಲಿ ಬದಲಿಸಬಹುದು, ವಾಷರಿನದನ್ನು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಗೋಡೆಯ ಮೂಲೆಯನ್ನು ವಾಷರಿಗೆ ಹೊಂದಿಸಿ ಆರಿಸಿ, ಅದರ ಬಾಗಿಲು ಸದಾ ಅರೆ ತೆರೆದಿಡಲು ಜಾಗ ಬಿಡಿ.