ಐದು ನಿಮಿಷದ ಕೆಲಸ

ಭಾನುವಾರ ಇರೋದು ಮಲಗೋಕೆ ಅಂತ ನಾನು ತಿಳ್ಕೊಂಡಿದ್ದೆ. ಚಿಂತಾಮಣಿಯ ನಮ್ಮ ಮಾವನ ಲೆಕ್ಕ ಬೇರೆ. "ಕಂಪ್ಯೂಟರ್ ಸತ್ತೋಗಿದೆ, ಬಾರೋ. ಐದು ನಿಮಿಷದ ಕೆಲಸ."

ಟೊಮೆಟೊ ಮಂಡಿಯ ಬಿಲ್ಲು ಹಾಕೋ ಆ ಡಬ್ಬದಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ! 2001ರಲ್ಲಿ ಬಂದದ್ದು, 2014ರ ಏಪ್ರಿಲ್‌ನಲ್ಲೇ ಅದರ ಬೆಂಬಲ ನಿಂತಿದೆ. ಹೊಸದು ಹಾಕೋಣ ಅಂದ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಓಡಲ್ಲ. ಅದನ್ನ ಮಾಡಿಕೊಟ್ಟ ಹುಡುಗ ಈಗ ಎಲ್ಲಿದ್ದಾನೋ.

ಆನ್ ಮಾಡಿದ್ರೆ ನೀಲಿ ಪರದೆ. ಸರಿ, ಫಾರ್ಮ್ಯಾಟ್ ಮಾಡಿ, ಅಂದ್ರೆ ಹಳೇದನ್ನ ಅಳಿಸಿ, ಎಕ್ಸ್‌ಪಿನೇ ಮತ್ತೆ ಹಾಕೋಣ ಅಂತ ಸಿ.ಡಿ. ಹಾಕಿದೆ. ಹಾರ್ಡ್ ಡಿಸ್ಕೇ ಇಲ್ಲ ಅಂತು. ಅಲ್ಲೇ ಗುರ್ರ್ ಅಂತ ತಿರುಗ್ತಾ ಇದೆ ಕಣ್ರೀ! ಡಿಸ್ಕನ್ನ ಎಕ್ಸ್‌ಪಿಗೆ ಪರಿಚಯ ಮಾಡಿಸೋ ಸಾಟಾ ಡ್ರೈವರ್ ಅನ್ನೋ ಪುಟ್ಟ ಸಾಫ್ಟ್‌ವೇರ್‌ಗೆ ಎಫ್6 ಒತ್ತಿ ಫ್ಲಾಪಿ ಹಾಕಬೇಕಂತೆ. ಫ್ಲಾಪಿ ಎಲ್ಲಿಂದ ತರಲಿ, ವಸ್ತುಸಂಗ್ರಹಾಲಯದಿಂದಲೇ? ಬಯಾಸ್‌ನಲ್ಲಿ, ಅಂದ್ರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ, ಡಿಸ್ಕ್ ಜೊತೆ ಮಾತಾಡೋ ರೀತಿಯನ್ನ ಹೊಸ ಎಎಚ್‌ಸಿಐ ಬದಲು ಹಳೇ ಐಡಿಇ ಮಾಡಿದ ಮೇಲೆ ಡಿಸ್ಕ್ ಕಾಣಿಸ್ತು. "39 ನಿಮಿಷ ಬಾಕಿ" ಅಂತ ಬಂತು. ಎರಡು ಕಾಫಿ, ಒಂದು ತಟ್ಟೆ ಚಿತ್ರಾನ್ನ ಮುಗಿದ್ರೂ ಬಾಕಿನೇ.

ಹೊಟ್ಟೆ ಉರಿದದ್ದು ಆಮೇಲೆ. ಗಡಿಯಾರ ಯಾವುದೋ ಹಳೇ ವರ್ಷ ತೋರಿಸ್ತಿತ್ತು. ಮದರ್‌ಬೋರ್ಡಿನ ನಾಣ್ಯದಷ್ಟಗಲದ ಸೆಲ್ ಸತ್ತು, ಬಯಾಸ್ ಸೆಟ್ಟಿಂಗ್ ತಾನಾಗೇ ಬದಲಾಗಿತ್ತು. ನೀಲಿ ಪರದೆ ಬಂದದ್ದೇ ಅದರಿಂದ. ಅಂದ್ರೆ ಫಾರ್ಮ್ಯಾಟ್ ಬೇಕೇ ಇರಲಿಲ್ಲ! ಇದನ್ನ ಮಾವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಡಿ ಡ್ರೈವ್‌ನಲ್ಲಿದ್ದ ರೈತರ ಪಟ್ಟಿ ತೆರೆದ್ರೆ ಕನ್ನಡದ ಬದಲು ಕೊಕ್ಕೆ, ಸೊನ್ನೆ, ಡಾಲರ್ ಚಿಹ್ನೆ. ಕನ್ನಡ ಅಕ್ಷರ ತೋರಿಸೋ ನುಡಿ ಫಾಂಟ್ ಫಾರ್ಮ್ಯಾಟ್‌ನಲ್ಲಿ ಹೋಗಿತ್ತಲ್ಲ.

"ಏನೋ, ವೈರಸ್ ಬಿಟ್ಯಾ?" ಅಂದ್ರು ಮಾವ.