ಪ್ಲಾಸ್ಟಿಕ್ ಹುಲ್ಲು ಸಾಕು, ಗರಿ ಹೆಣೆಯುವವರನ್ನು ಕರೆಸಿ

ಮೈಸೂರಿನಲ್ಲಿ ಹೊಸ ಕೆಫೆ ತೆರೆದರೆ ಒಂದು ಗೋಡೆಗೆ ಪ್ಲಾಸ್ಟಿಕ್ ಹುಲ್ಲು ಅಂಟಿಸಲೇಬೇಕು ಅನ್ನುವಂತಾಗಿದೆ. ಅದರ ಮುಂದೆ ನಿಂತು ಸೆಲ್ಫಿ ಬೇರೆ. ಹೊರಗೆ ಫುಟ್‌ಪಾತಿನಲ್ಲಿ ಎಳನೀರು ಬುರುಡೆ ರಾಶಿ, ಪಕ್ಕದ ಪಾರ್ಕಿನಲ್ಲಿ ಮಳೆಮರದ ಎಲೆ ಗುಡಿಸಿ ಬೆಂಕಿ ಹಚ್ಚಿರುತ್ತಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಯಾರು ಕೇಳುತ್ತಾರೆ? ಎಲೆ ಸುಟ್ಟು, ಆಮೇಲೆ ಅದೇ ಪಾರ್ಕಿಗೆ ದುಡ್ಡು ಕೊಟ್ಟು ಗೊಬ್ಬರದ ಮೂಟೆ ತರಿಸುವುದು.

ಹಾಗಂತ ಬಾಳೆ ನಾರಿನ ದುಬಾರಿ ಲ್ಯಾಂಪ್‌ಶೇಡ್ ತಂದು ಮನೆಯಲ್ಲಿ ನೇತುಹಾಕಿದರೆ ಎಲ್ಲ ಸರಿಹೋಯಿತು ಅಂತಲೂ ನನಗೆ ಅನ್ನಿಸುವುದಿಲ್ಲ. ಅದಕ್ಕೆ ದಪ್ಪಗೆ ವಾರ್ನಿಷ್ ಬಳಿದಿರುತ್ತಾರೆ, ಮುಟ್ಟಿದರೆ ನಾರು ಅಂತಲೇ ಗೊತ್ತಾಗದು. ನಾರು ಕೈಗೆ ಸಿಗಬೇಕು, ಮಳೆ ಬಂದರೆ ವಾಸನೆ ಬರಬೇಕು, ಸವೆದು ಮಣ್ಣಿಗೆ ಹೋಗಬೇಕು. ಡಿಸೈನ್ ಮಾಡುವವರು ಇದನ್ನು ಮುಚ್ಚಿಡಲು ಯಾಕಿಷ್ಟು ಒದ್ದಾಡುತ್ತಾರೋ!

ನಮ್ಮ ಮಂಡ್ಯ ಕಡೆ ಮದುವೆ ಅಂದರೆ ಮನೆ ಮುಂದೆ ತೆಂಗಿನ ಗರಿ ಚಪ್ಪರ ಏಳುತ್ತಿತ್ತು. ಗರಿ ಸೀಳಿ ಹೆಣೆಯುವವರು ಊರಲ್ಲೇ ಇರುತ್ತಿದ್ದರು. ಬಿಸಿಲು ಎಷ್ಟೇ ಇದ್ದರೂ ಗರಿಯ ಸಂದಿಯಲ್ಲಿ ಗಾಳಿ ಆಡಿ ಒಳಗೆ ತಂಪಾಗಿರುತ್ತಿತ್ತು, ಮದುವೆ ಮುಗಿದ ಮೇಲೆ ಅದೇ ಗರಿ ಒಲೆಗೋ ತಿಪ್ಪೆಗೋ ಹೋಗುತ್ತಿತ್ತು. ಈಗ ಶಾಮಿಯಾನ. ಸಿಟಿಯಲ್ಲಂತೂ ಪಾರ್ಕಿನ ನೆರಳಿಗೂ ತಗಡಿನ ಶೀಟು, ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ಕೂತು ನೋಡಿ. ಅಲ್ಲಿ ಗರಿ ಹೊದಿಸಿದರೆ ಏನು ಕಷ್ಟ? ಆಗಾಗ ಬದಲಿಸಬೇಕು, ನಿಜ. ಹೆಣೆಯುವವರಿಗೆ ಕೂಲಿ ಸಿಗುತ್ತದೆ ಅಲ್ವಾ? ಬೆಂಕಿ ಭಯ ಅನ್ನುವವರ ಮಾತೂ ಸರಿಯೇ. ಪೇಟೆಯ ಇಕ್ಕಟ್ಟಿನಲ್ಲಿ ಬೇಡ, ಪಾರ್ಕಿನ ಬಯಲಲ್ಲಿ, ಕೆರೆ ದಂಡೆಯಲ್ಲಿ ಮಾಡಲಿ.

ಎಳನೀರು ಬುರುಡೆಗೆ ಇಷ್ಟೂ ಖರ್ಚಿಲ್ಲ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ಸಾಗುತ್ತದೆ, ಬುರುಡೆಗೇನು ಬರವೇ! ಬಾಯಿ ಅಗಲ ಮಾಡಿ, ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ ಸಸಿ ನೆಡಿ. ಬೇರು ಬಲಿತ ಮೇಲೆ ಒಂದೆರಡು ಕಡೆ ಸೀಳಿ ಹಾಗೇ ಗುಂಡಿಗಿಡಬಹುದು. ತೆಂಗಿನ ನಾರಿನ ಪುಡಿ ಬಳಸುವುದಾದರೆ ಮಾತ್ರ ಮೊದಲು ಚೆನ್ನಾಗಿ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರುತ್ತದೆ, ಗಿಡ ಸೊರಗುತ್ತದೆ.

ಕಬ್ಬಿನ ಸಿಪ್ಪೆಯ ಮೇಲೂ ಈಗ ಎಲ್ಲರ ಕಣ್ಣು. ಅದನ್ನು ಕಸ ಅನ್ನಬೇಡಿ, ಆಲೆಮನೆಯ ಒಲೆ ಉರಿಯುವುದೇ ಅದರಿಂದ. ಕಸವಾಗಿ ಸುಡುತ್ತಿರುವುದು ಕಬ್ಬಿನ ಗದ್ದೆಯ ತರಗು, ಬೇಕಾದರೆ ಅದನ್ನು ಕೇಳಿ.

ಸದ್ಯಕ್ಕೆ ನಮ್ಮ ಬಡಾವಣೆಯ ಪಾರ್ಕಿನವರಿಗೆ ಒಂದೇ ಬೇಡಿಕೆ. ತಂತಿ ಬಲೆ ಸುತ್ತಿ ಎಲೆ ತುಂಬಿ ಗೊಬ್ಬರ ಮಾಡಲು ಒಂದು ಜಾಗ ಮಾಡಿ, ಗೇಟಿನ ಪಕ್ಕದಲ್ಲೇ, ಮಕ್ಕಳಿಗೆ ಕಾಣುವ ಹಾಗೆ. ಹಿಂದಿನ ಮೂಲೆಯಲ್ಲಿ ಬೇಡ.