ನಮ್ಮ ಯಂತ್ರವನ್ನು ಯಾರು ನಂಬ್ತಾರೆ ಸ್ವಾಮಿ?

ಚಾಟ್‌ಜಿಪಿಟಿಯಲ್ಲಿ ಪ್ರಶ್ನೆ ಟೈಪ್ ಮಾಡುವ ಜಾಗದ ಕೆಳಗೆ ಒಂದು ಸಾಲು ಇರುತ್ತದೆ. ಬೂದು ಬಣ್ಣ, ಇರುವೆ ಗಾತ್ರದ ಅಕ್ಷರ. ತಪ್ಪಾಗಬಹುದು, ಮುಖ್ಯವಾದದ್ದನ್ನು ನೀವೇ ನೋಡಿಕೊಳ್ಳಿ ಅಂತ ಅದರ ಅರ್ಥ. ನೀವು ಓದಿರುವುದಿಲ್ಲ ಬಿಡಿ. ಓದಲಿ ಅಂತ ಹಾಕಿದ್ದೂ ಅಲ್ಲ. ಅದು ಇರುವುದು ಕೋರ್ಟಿಗೆ ತೋರಿಸಲಿಕ್ಕೆ.

ತೋರಿಸಿದ್ದೂ ಆಯಿತು. ಮಾರ್ಕ್ ವಾಲ್ಟರ್ಸ್ ಅಮೆರಿಕದ ಒಬ್ಬ ರೇಡಿಯೊ ನಿರೂಪಕ. ಒಂದು ಸಂಸ್ಥೆಯ ದುಡ್ಡು ನುಂಗಿದ ಆರೋಪ ಇವರ ಮೇಲಿದೆ ಎಂದು ಚಾಟ್‌ಜಿಪಿಟಿ ಒಬ್ಬ ಪತ್ರಕರ್ತನಿಗೆ ಹೇಳಿತು. ಅದು ತೋರಿಸಿದ ಕೇಸಿನಲ್ಲಿ ಇವರ ಹೆಸರೇ ಇರಲಿಲ್ಲ. 2023ರಲ್ಲಿ ವಾಲ್ಟರ್ಸ್ ಅಮೆರಿಕದ ಜಾರ್ಜಿಯಾದಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಮೇಲೆ ಮಾನನಷ್ಟದ ದಾವೆ ಹಾಕಿದರು, 2025ರ ಮೇ ತಿಂಗಳಲ್ಲಿ ಸೋತರು. ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿತ್ತು: ಅಷ್ಟೆಲ್ಲ ಎಚ್ಚರಿಕೆ ಕಂಡ ಮೇಲೆ, ಬುದ್ಧಿ ನೆಟ್ಟಗಿರುವ ಓದುಗ ಇದನ್ನು ನಿಜ ಅಂದುಕೊಳ್ಳುವುದಿಲ್ಲ. ಪತ್ರಕರ್ತನೂ ನಂಬಿರಲಿಲ್ಲ. ಯಾರೂ ನಂಬದ ಮಾತಿನಿಂದ ಯಾರ ಮಾನ ತಾನೇ ಹೋದೀತು?

ಸರಿಯಾಗೇ ಇದೆ, ಅಲ್ವಾ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಚಾಟ್‌ಜಿಪಿಟಿಯನ್ನು ನಡೆಸುವ ಹೊಸ ಮಾದರಿ ಜಿಪಿಟಿ-5 ಬಿಡುಗಡೆ ಮಾಡಿದರು. ಇದರ ಜತೆ ಮಾತಾಡಿದರೆ ಪಿಎಚ್‌ಡಿ ಮಟ್ಟದ ತಜ್ಞನ ಜತೆ ಮಾತಾಡಿದ ಹಾಗೆ ಅಂದರು. ಅಂಗಡಿಯಲ್ಲಿ ಪಂಡಿತ, ಕಟಕಟೆಯಲ್ಲಿ ಕಂದಮ್ಮ!

ವಿಮಾನ ಕಂಪನಿ ಏರ್ ಕೆನಡಾ ಇನ್ನೂ ಜಾಣ. ಅವರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ನಿಯಮ ತಪ್ಪಾಗಿ ಹೇಳಿತ್ತು. ಬಾಟ್ ಮಾಡಿದ್ದಕ್ಕೆ ಬಾಟೇ ಹೊಣೆ, ಕಾನೂನಿನ ಕಣ್ಣಲ್ಲಿ ಅದೇ ಬೇರೆ, ನಾವೇ ಬೇರೆ ಎಂಬರ್ಥದ ವಾದ ಹೂಡಿದರು. 2024ರಲ್ಲಿ ನ್ಯಾಯಮಂಡಳಿ ಒಪ್ಪಲಿಲ್ಲ. ಒಪ್ಪಿದ್ದರೆ ಸಮನ್ಸ್ ಯಾವ ವಿಳಾಸಕ್ಕೆ ಕಳಿಸುತ್ತಿದ್ದರೋ!

ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು ಬ್ರಯಾನ್ ಹುಡ್ ಕಥೆ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿಗೆ ಸೇರಿದ, ನೋಟು ಅಚ್ಚು ಹಾಕುವ ಕಂಪನಿಯಲ್ಲಿ ಇದ್ದವರು. ವಿದೇಶಿ ಅಧಿಕಾರಿಗಳಿಗೆ ಲಂಚ ಹೋಗುತ್ತಿದೆ ಎಂದು ಬಾಯಿ ಬಿಟ್ಟವರೇ ಅವರು. ಮುಂದೆ ಹೆಪ್‌ಬರ್ನ್ ಎಂಬಲ್ಲಿ ಮೇಯರ್ ಆದರು. ಆ ಹಗರಣದಲ್ಲಿ ಅವರ ಪಾತ್ರವೇನು ಎಂದು ಕೇಳಿದರೆ ಚಾಟ್‌ಜಿಪಿಟಿ ಏನೆನ್ನಬೇಕು? ಲಂಚದ ಕೇಸಿನಲ್ಲಿ ಜೈಲಿಗೆ ಹೋಗಿದ್ದರಂತೆ! ಕಳ್ಳನನ್ನು ಹಿಡಿದುಕೊಟ್ಟವನ ಕೈಗೇ ಕೋಳ. ಲಂಚ, ಕೇಸು, ಹುಡ್ ಎಂಬ ಪದಗಳು ಅಕ್ಕಪಕ್ಕ ಕಂಡವು, ಯಂತ್ರ ಅವನ್ನು ಹೊಲಿದುಬಿಟ್ಟಿತು. ಅಲ್ಲಿ ಯಾರು ಯಾರಿಗೆ ಏನು ಮಾಡಿದರು ಅನ್ನುವುದು ದರ್ಜಿಯ ತಲೆನೋವಲ್ಲ.

2023ರಲ್ಲಿ ಹುಡ್ ಕೋರ್ಟಿಗೆ ಹೋಗುತ್ತೇನೆ ಎಂದರು, ಆಮೇಲೆ ಬಿಟ್ಟರು. 2024ರ ಕೊನೆಗೆ ಜನ ಒಂದು ತಮಾಷೆ ಗಮನಿಸಿದರು. ಕೆಲವು ಹೆಸರು ಬಂದರೆ ಸಾಕು, ಹಲ್ಲುಜ್ಜುವುದರಿಂದ ಹಿಡಿದು ಬ್ರಹ್ಮಾಂಡದವರೆಗೆ ಉಪದೇಶ ಮಾಡುವ ಯಂತ್ರ ಅರ್ಧ ವಾಕ್ಯಕ್ಕೇ ನಿಂತು, ಉತ್ತರ ಕೊಡಲಾಗದು ಎಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆ ಹೆಸರುಗಳಲ್ಲಿ ಬ್ರಯಾನ್ ಹುಡ್ ಕೂಡ ಒಂದು. ನೆಗಡಿ ಬಂತೆಂದು ಮೂಗು ಕೊಯ್ದಿದ್ದಾರೆ, ಅದೂ ಬೇರೆಯವರ ಮೂಗು. ಜೈಲಿಗೆ ಹೋದ ಸುಳ್ಳೂ ಹೋಯಿತು, ಲಂಚ ಬಯಲಿಗೆಳೆದ ನಿಜವೂ ಹೋಯಿತು.

ಅದೇ ಹೆಸರಿನ ಬೇರೆ ಬ್ರಯಾನ್ ಹುಡ್‌ಗಳೂ ಜತೆಗೇ ಮಾಯ. ಪಾಪ, ಅವರು ಯಾರಿಗೂ ನೋಟಿಸ್ ಕಳಿಸಿದವರಲ್ಲ. ಸುಮ್ನೆ ಅಪ್ಪ ಅಮ್ಮ ಇಟ್ಟ ಹೆಸರಿಟ್ಟುಕೊಂಡು ಬದುಕಿದ್ದವರು.